ಗೋಡೆಗಳ ಮೇಲಿನ ಬ್ರಾಹ್ಮಿ

ನಿಪ್ಪಾಣಿಯ ಗೋಡೆಗಳಿಗೆ ಆ ವರ್ಷ ಒಮ್ಮೆಲೇ ದೆಸೆ ತಿರುಗಿತು. ಅಲ್ಲಿಯವರೆಗೆ ಸಿಮೆಂಟಿನ ಜಾಹೀರಾತು, ಪೈಪಿನ ಜಾಹೀರಾತು, ಮೂರು ಚುನಾವಣೆಗಳ ಅರ್ಧಂಬರ್ಧ ಅಳಿಸಿದ ಚಿಹ್ನೆಗಳು, ಅವುಗಳ ಮೇಲೆ ಎಲ್ಲ ಪಕ್ಷದವರೂ ಸಮನಾಗಿ ಉಗುಳಿದ ಎಲೆಯಡಿಕೆ, ಇಷ್ಟನ್ನೇ ಹೊತ್ತು ನಿಂತಿದ್ದ ಗೋಡೆಗಳಿಗೆ ಬಿಳಿ ಸುಣ್ಣ ಬಿತ್ತು. ಸುಣ್ಣದ ಮೇಲೆ ನವಿಲು ಬಂತು, ಕಬ್ಬಿನ ಗದ್ದೆ ಬಂತು, ತಂಬಾಕಿನ ಎಲೆ ಒಣಹಾಕುವ ಹೆಂಗಸರು ಬಂದರು. ಊರು ಚಂದ ಕಾಣಬೇಕೆಂದು ಮೇಲಿನಿಂದ ಆದೇಶವಾಗಿತ್ತಂತೆ. ಗಟಾರು ಮಾತ್ರ ಮೊದಲಿನ ಹಾಗೆಯೇ ಹರಿಯುತ್ತಿತ್ತು, ಅದಕ್ಕೆ ಬಣ್ಣ ಹಚ್ಚಲು ಬರುವುದಿಲ್ಲವಲ್ಲ. ಆದರೂ ಜನರಿಗೆ ಖುಷಿಯೋ ಖುಷಿ. ಓಣಿ ಓಣಿ ಹುಡುಕಿಕೊಂಡು ಹೋಗಿ, ಹೊಸ ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಲಕ್ಷ್ಮಿಬಾಯಿ ಇದಾವುದನ್ನೂ ನೋಡಿರಲಿಲ್ಲ. ಮೂರು ವರ್ಷದಿಂದ ಆಕೆ ಬೀದಿಯಲ್ಲಿ ತಲೆ ಎತ್ತಿ ನಡೆದವಳೇ ಅಲ್ಲ. ಗಂಡ ಜಯಪಾಲನ ಬೀಜ-ಗೊಬ್ಬರದ ಅಂಗಡಿ ಊರಿಗೆಲ್ಲ ಗೊತ್ತು. ಅವರ ಹಿರಿಯ ಮಗಳು ಬ್ರಾಹ್ಮಿ ಸಾಕರಪುಡಾಕ್ಕೆ ಎಂಟೇ ದಿನ ಉಳಿದಾಗ ಮನೆ ಬಿಟ್ಟು ಹೋದದ್ದೂ ಊರಿಗೆಲ್ಲ ಗೊತ್ತು. ಸಾಕರಪುಡಾ ಅಂದರೆ ಈ ಕಡೆಯ ನಿಶ್ಚಿತಾರ್ಥ. ಹುಡುಗಿಯ ಕೈಗೆ ಸಕ್ಕರೆಯ ಪೊಟ್ಟಣ ಇಟ್ಟರೆ ಮದುವೆ ಅರ್ಧ ಮುಗಿದ ಹಾಗೆ. ಬ್ರಾಹ್ಮಿಯ ಕೈಗೆ ಆ ಪೊಟ್ಟಣ ಬರಲೇ ಇಲ್ಲ. ಅವಳು ಯಾರ ಜೊತೆಗೋ ಪುಣೆಗೆ ಓಡಿಹೋಗಿ ಸುಖವಾಗಿದ್ದಾಳೆಂದು ಜಯಪಾಲ ತನ್ನಷ್ಟಕ್ಕೇ ತೀರ್ಮಾನ ಮಾಡಿಕೊಂಡು, ಮನೆಯಲ್ಲಿ ಅವಳ ಹೆಸರು ಎತ್ತಬಾರದೆಂದು ಕಟ್ಟಪ್ಪಣೆ ಮಾಡಿದ್ದ. ಕಿರಿಯ ಮಗಳು ಅಪೂರ್ವಳ ಸಂಬಂಧದ ಮಾತು ನಡೆದಿರುವಾಗಂತೂ ಆ ಹೆಸರು ಬಾಯಿಗೆ ಬಂದರೂ ನುಂಗಿಕೊಳ್ಳಬೇಕಿತ್ತು.

ಅವತ್ತು ಲಕ್ಷ್ಮಿಬಾಯಿ ಜೋಳದ ಡಬ್ಬಿ ಹಿಡಿದುಕೊಂಡು ಗಿರಣಿಗೆ ಹೊರಟಿದ್ದಳು. ಹಿಂದಿನಿಂದ ಒಂದು ಟ್ರ್ಯಾಕ್ಟರು ಹಾರ್ನ್ ಹೊಡೆಯಿತು. ಆಕೆ ಕನ್ಯಾಶಾಲೆಯ ಕಂಪೌಂಡಿಗೆ ಆತು ನಿಂತು, ಧೂಳು ಕಣ್ಣಿಗೆ ಬಿದ್ದೀತೆಂದು ಗೋಡೆಯ ಕಡೆ ಮುಖ ತಿರುಗಿಸಿದಳು. ಗೇಣು ದೂರದಲ್ಲಿ ಮಗಳಿದ್ದಳು.

ಬೇವಿನ ಮರದ ಕೆಳಗೆ ಕೂತು ಪುಸ್ತಕ ಓದುತ್ತಿದ್ದ ಹುಡುಗಿ. ಅದೇ ಉದ್ದ ಮುಖ, ನಗುವ ಮೊದಲೇ ಸ್ವಲ್ಪ ಮೇಲೇಳುವ ಮೇಲ್ದುಟಿ, ಬಲಹುಬ್ಬಿನ ಮೇಲೆ ಎಳೆ ಚಂದ್ರನ ಹಾಗಿನ ಗಾಯದ ಗುರುತು. ಬ್ರಾಹ್ಮಿ ಆರು ವರ್ಷದವಳಿದ್ದಾಗ ಒರಳುಕಲ್ಲಿನ ಮೇಲೆ ಬಿದ್ದು ಆದ ಗಾಯ ಅದು. ಐದು ಹೊಲಿಗೆ ಬಿದ್ದಿದ್ದವು. ಲಕ್ಷ್ಮಿಬಾಯಿಯ ಕೈಯಿಂದ ಡಬ್ಬಿ ಜಾರಿ ಜೋಳವೆಲ್ಲ ರಸ್ತೆಗೆ ಚೆಲ್ಲಿತು. ಗಿರಣಿಯವ ಓಡಿ ಬಂದು, ಕಾಕು, ತಲೆ ತಿರುಗಿತೇನು ಎಂದು ಕೇಳಿದ. ಹೌದೆಂದು ಹೇಳಿ, ಅಲ್ಲಿಯೇ ಕೂತು, ಕಾಳು ಬಳಿಯುವ ನೆಪದಲ್ಲಿ ಅರ್ಧ ತಾಸು ಮಗಳನ್ನು ನೋಡಿದಳು.

ಒಂದು ಮಾತ್ರ ಹೊಂದಲಿಲ್ಲ. ಚಿತ್ರದ ಹುಡುಗಿಯ ಕಣ್ಣು ಕಪ್ಪಗಿದ್ದವು. ಬ್ರಾಹ್ಮಿಯದು ಬೆಕ್ಕಿನ ಕಣ್ಣು. ಓಣಿಯ ಮರಾಠಿ ಹುಡುಗಿಯರು ಅವಳನ್ನು ಮಾಂಜರಿ ಎಂದು ಕರೆಯುತ್ತಿದ್ದರು, ಅವಳು ಮಿಯಾಂವ್ ಎಂದು ತಿರುಗಿ ನೋಡುತ್ತಿದ್ದಳು. ಆ ಕಣ್ಣು ಅವಳಿಗೆ ಎಂದೂ ಚಿಂತೆಯಾಗಿರಲಿಲ್ಲ, ಚಿಂತೆಯಾದದ್ದು ತಾಯಿಗೆ. ಸಂಬಂಧ ಕುದುರಿಸುವ ಕಾಕಾಸಾಹೇಬ ಒಂದು ದಿನ ಚಹಾ ಕುಡಿಯುತ್ತ, ಬೆಕ್ಕಿನ ಕಣ್ಣಿನ ಹುಡುಗಿಯರ ಮೇಲೆ ಕೆಲವರಿಗೆ ನಂಬಿಕೆ ಇರುವುದಿಲ್ಲ, ಮುಖದ ಮೇಲೆ ಕಲೆ ಬೇರೆ ಇದೆ, ಫೋಟೋದಲ್ಲಿ ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಹೋದ. ಲಕ್ಷ್ಮಿಬಾಯಿ ನೋಡಿಕೊಂಡಳು. ಸ್ಟುಡಿಯೋದವನಿಗೆ ಹೇಳಿ, ಕಂಪ್ಯೂಟರಿನಲ್ಲಿ ಹುಬ್ಬಿನ ಗಾಯ ಅಳಿಸಿಸಿ ಕಣ್ಣು ಕಪ್ಪು ಮಾಡಿಸಿದಳು. ಈ ಕೆಲಸ ಮಾಡದ ಮನೆ ಊರಲ್ಲಿ ಎಷ್ಟಿವೆ ಹೇಳಿ? ಒಬ್ಬರು ಬಣ್ಣ ತಿಳಿ ಮಾಡಿಸುತ್ತಾರೆ, ಇನ್ನೊಬ್ಬರು ಹಲ್ಲು ಸರಿ ಮಾಡಿಸುತ್ತಾರೆ. ಫೋಟೋ ಗಂಡಿನ ಕಡೆಯವರಿಗೆ ಬಹಳ ಮನಸ್ಸಿಗೆ ಬಂತು. ಈಗ ಹುಡುಗಿಯನ್ನೂ ಫೋಟೋದ ಹಾಗೆ ಮಾಡಬೇಕಾಯಿತು. ಕೊಲ್ಲಾಪುರದಿಂದ ಕಪ್ಪು ಲೆನ್ಸಿನ ಡಬ್ಬಿ ತರಿಸಿ, ಒಂದು ದಿನದ ಮಾತು, ಹಾಕಿಕೋ ಎಂದು ಮಗಳ ಮುಂದಿಟ್ಟಳು.

"ಅವ್ವಾ, ಅವರು ನೋಡಾಕ ಬರೂದು ನನ್ನನ್ನೋ, ಆ ಫೋಟೋದಾಕಿನ್ನೋ?" ಎಂದು ಬ್ರಾಹ್ಮಿ ಕೇಳಿದ್ದಳು.

ಲಕ್ಷ್ಮಿಬಾಯಿಗೆ ಸಿಟ್ಟು ಬಂದಿತ್ತು. ಆ ಫೋಟೋದಾಕಿಯೇ ನನ್ನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಎಂದುಬಿಟ್ಟಳು. ಮರುದಿನ, ಶ್ರಾವಣದ ಒಂದು ಶನಿವಾರ, ಮಗಳು ಕಾಲೇಜಿನ ಚೀಲ ಹಾಕಿಕೊಂಡು ಹೋದವಳು ತಿರುಗಿ ಬರಲಿಲ್ಲ. ಆ ಮಾತನ್ನು ಲಕ್ಷ್ಮಿಬಾಯಿ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ.

ಗೋಡೆಯ ಮುಂದೆ ಕೂತು ಆಕೆ ಲೆಕ್ಕ ಹಾಕಿದಳು. ಹುಬ್ಬಿನ ಗಾಯ ಫೋಟೋದಲ್ಲಿ ಇರಲಿಲ್ಲ. ಅಂದ ಮೇಲೆ ಚಿತ್ರದವನು ಫೋಟೋ ನೋಡಿ ಬರೆದಿಲ್ಲ, ಮಗಳನ್ನೇ ಎದುರಿಗೆ ನೋಡಿದ್ದಾನೆ. ಮಗಳು ಎಲ್ಲೋ ಇದ್ದಾಳೆ, ಇವನಿಗೆ ಗೊತ್ತಿದೆ. ಹಾಗಾದರೆ ಕಣ್ಣು ಏಕೆ ಕಪ್ಪು? ಅದಕ್ಕೂ ಉತ್ತರ ಹೊಳೆಯಿತು. ಈಗ ಲೆನ್ಸ್ ಹಾಕಿಕೊಳ್ಳುತ್ತಿದ್ದಾಳೆ, ಕಡೆಗೂ ತಾಯಿ ಹೇಳಿದ್ದು ಅವಳಿಗೆ ಸರಿ ಅನ್ನಿಸಿರಬೇಕು. ಹಾಗೆ ಅಂದುಕೊಂಡು ಲಕ್ಷ್ಮಿಬಾಯಿ ಆ ಧೂಳಿನಲ್ಲಿ ಕೂತು ಸಣ್ಣಗೆ ನಕ್ಕಳು. ಮುಂದೆ ಎಷ್ಟೋ ದಿನ ಆ ನಗುವನ್ನು ನೆನೆಸಿಕೊಂಡು ಆಕೆ ತನ್ನನ್ನು ತಾನೇ ಶಪಿಸಿಕೊಂಡದ್ದುಂಟು.

ಚಿತ್ರದ ಮೂಲೆಯಲ್ಲಿ ಮಲಕಾರಿ ಎಂದು ಸಹಿ ಇತ್ತು. ಶಾಲೆಯ ಸಿಪಾಯಿಯನ್ನು ಕೇಳಿದರೆ, ಬಣ್ಣದವರು ಚಿಕ್ಕೋಡಿಗೆ ಹೋಗಿದ್ದಾರೆ ಎಂದ. ಲಕ್ಷ್ಮಿಬಾಯಿ ಬಸದಿಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಆಧಾರ್ ಕಾರ್ಡು ತೋರಿಸಿ ಹೆಂಗಸರ ಪುಕ್ಕಟೆ ಟಿಕೆಟಿನಲ್ಲಿ ಚಿಕ್ಕೋಡಿಯ ಬಸ್ಸು ಹತ್ತಿದಳು. ಅಲ್ಲಿ ಬಣ್ಣದವರು ಇರಲಿಲ್ಲ, ಗೋಡೆಗಳು ಇದ್ದವು. ಅರಿಯದ ಊರಿನ ಅರಿಯದ ಓಣಿಗಳಲ್ಲಿ, ಮೂರು ವರ್ಷ ನೆಲ ನೋಡಿ ನಡೆದವಳು ಕತ್ತು ನೋಯುವಷ್ಟು ಮೇಲೆ ನೋಡುತ್ತ ತಿರುಗಿದಳು. ಹುಲಿ, ಯೋಗಾಸನ, ನೀರು ಉಳಿಸಿ ಎಂದು ಅಳುವ ನಲ್ಲಿ. ಕಡೆಗೆ ತರಕಾರಿ ಪೇಟೆಯ ಹಿಂದಿನ ಗೋಡೆಯ ಮೇಲೆ ಬ್ರಾಹ್ಮಿ ಸಿಕ್ಕಳು. ಹಸಿರು ಸೀರೆ ಉಟ್ಟು, ಬುಟ್ಟಿಯಲ್ಲಿ ದ್ರಾಕ್ಷಿ ತುಂಬುತ್ತ ನಿಂತಿದ್ದಳು. ಕೊರಳಲ್ಲಿ ಕರಿಮಣಿ ಇತ್ತು.

ಮದುವೆಯಾಗಿದೆ. ಲಕ್ಷ್ಮಿಬಾಯಿ ಗೋಡೆಗೆ ಕೈ ಹಚ್ಚಿ ನಿಂತಳು. ಯಾರನ್ನಾದರೂ ಮಾಡಿಕೊಂಡಿರಲಿ, ಯಾವ ಜಾತಿಯವನಾದರೂ ಇರಲಿ, ಕೊರಳು ಬರಿದಾಗಿಲ್ಲವಲ್ಲ, ಅಷ್ಟು ಸಾಕು. ದ್ರಾಕ್ಷಿ ತೋಟದವರು ಇರಬೇಕು, ಅಥಣಿ ಕಡೆಯವರೇ ಆಗಿದ್ದರೂ ಆದರು ಎಂದು ತಾನೇ ಅಳಿಯನಿಗೆ ಹೊಲ ಮನೆ ಎಲ್ಲ ಹಂಚಿಕೊಟ್ಟಳು. ಪೇಟೆಯ ಹೆಂಗಸೊಬ್ಬಳು, ಬಣ್ಣದವರು ಅಥಣಿಗೆ ಹೋದರು ಎಂದಾಗ ಆಕೆಗೆ ಇದು ದೇವರೇ ಕೈಹಿಡಿದು ನಡೆಸುತ್ತಿರುವ ದಾರಿ ಅನ್ನಿಸಿತು.

ಅಥಣಿಯಲ್ಲಿ ಚಪ್ಪಲಿ ಹೊಲಿಯುವವರ ಓಣಿಯ ತುದಿಗೆ, ಅಂಗನವಾಡಿಯ ಗೋಡೆಯ ಮೇಲೆ, ಬ್ರಾಹ್ಮಿಯ ಕಂಕುಳಲ್ಲಿ ಕೂಸು ಇತ್ತು.

ಬಣ್ಣದವರು ಇಲ್ಲಿಂದಲೂ ಹೋಗಿಯಾಗಿತ್ತು. ರಾಯಬಾಗಕ್ಕೆ ಹೋಗಿದ್ದಾರೆ, ಅಲ್ಲಿ ಹದಿನೈದು ದಿನದ ಕೆಲಸ ಇದೆ ಎಂದು ಅಂಗನವಾಡಿಯ ಆಯಾ ಹೇಳಿದಳು. ಲಕ್ಷ್ಮಿಬಾಯಿ ಅವಸರ ಮಾಡಲಿಲ್ಲ. ಮೊಮ್ಮಗುವಿನ ಕಡೆಗೆ ಬರಿಗೈಲಿ ಹೋಗಲು ಬರುವುದಿಲ್ಲ. ಮನೆಗೆ ಬಂದು, ಬ್ರಾಹ್ಮಿಯ ಹಳೆಯ ರೇಷ್ಮೆ ಲಂಗ ತೆಗೆದು, ಜರಿ ಅಂಚು ಮುಂದೆ ಬರುವ ಹಾಗೆ ಕೂಸಿನ ತಲೆಗೆ ಒಂದು ಕುಂಚಿಗೆ ಹೊಲಿದಳು. ಏನು ಹೊಲಿಯುತ್ತೀ ಎಂದು ಜಯಪಾಲ ಕೇಳಿದಾಗ, ಐನಾಪುರದ ತಂಗಿಯ ಸೊಸೆ ಹಡೆದಿದ್ದಾಳೆ ಎಂದಳು. ಅವನು ಕುಂಚಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಆ ಲಂಗ ಯಾರದೆಂದು ಅವನಿಗೆ ಗುರುತು ಸಿಕ್ಕಿತೆಂದು ಆಕೆಗೆ ತಿಳಿಯಿತು. ಅವನು ಅದನ್ನು ಮಡಿಚಿಟ್ಟು ಅಂಗಡಿಗೆ ಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಆಕೆ ರಾಯಬಾಗದಲ್ಲಿ ಇಳಿದಳು. ಬಸ್ ನಿಲ್ದಾಣದಿಂದ ಸ್ವಲ್ಪ ದೂರ, ಶಾಲೆಯೊಂದರ ಉದ್ದ ಗೋಡೆಗೆ ಬಿದಿರಿನ ಅಟ್ಟ ಕಟ್ಟಿ, ಮೂವತ್ತೈದರ ಆಸುಪಾಸಿನ ಒಬ್ಬ ಮನುಷ್ಯ ಒಬ್ಬನೇ ಕೂತು ಬರೆಯುತ್ತಿದ್ದ. ಅರ್ಧ ಮುಗಿದ ಚಿತ್ರದಲ್ಲಿ ಬ್ರಾಹ್ಮಿ ಸ್ವಲ್ಪ ಮೈತುಂಬಿಕೊಂಡು, ಸಮವಸ್ತ್ರದ ಹುಡುಗಿಯೊಬ್ಬಳ ಕೈಹಿಡಿದು ಶಾಲೆಗೆ ಹೊರಟಿದ್ದಳು. ಆ ಹುಡುಗಿಗೆ ಆರು ವರ್ಷವಾದರೂ ಇದ್ದೀತು. ಮೂರು ವರ್ಷದಲ್ಲಿ ಆರು ವರ್ಷದ ಮಗಳು ಹೇಗೆ ಬಂದಾಳು? ಆದರೂ ಲಕ್ಷ್ಮಿಬಾಯಿ ಅಟ್ಟದ ಕೆಳಗೆ ಹೋಗಿ ನಿಂತಳು.

"ತಮ್ಮಾ, ಈ ಹುಡುಗಿ ಎಲ್ಲಿ ಅದಾಳ?"

ಮಲಕಾರಿ ಕೆಳಗೆ ನೋಡಿದ. ಇದು ಸುಮ್ಮನೆ ಬರೆದ ಚಿತ್ರ ಎಂದು ಹೇಳಬೇಕೆಂದುಕೊಂಡನೇನೋ, ಆದರೆ ಕೆಳಗೆ ನಿಂತವಳಿಗೂ ಅದೇ ಉದ್ದ ಮುಖ, ಅದೇ ಮೇಲ್ದುಟಿ. ನೀವು ಯಾರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಕುಂಚ ಡಬ್ಬಿಯಲ್ಲಿಟ್ಟು, ಅಟ್ಟ ಇಳಿದು ಬಂದ. ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ತನ್ನ ಬಾಟಲಿಯ ನೀರು ಕೊಟ್ಟ. ಆಕೆ ಕುಡಿಯಲಿಲ್ಲ. ಅವನು ಆಕೆಯ ಎದುರಿಗೆ ನೆಲದ ಮೇಲೆಯೇ ಕೂತ. ಬಹಳ ಹೊತ್ತು ಅಂಗೈಯ ಬಣ್ಣ ತಿಕ್ಕಿಕೊಳ್ಳುತ್ತಿದ್ದು, ಕಡೆಗೆ ಕೇಳಿದ.

"ಮಾವಶಿ, ಆಕಿ ಕಣ್ಣು ಯಾವ ಬಣ್ಣ ಇದ್ದುವ್ರಿ? ನಾ ನೋಡಿದಾಗ ಮುಚ್ಚಿದ್ದುವು."

ಲಕ್ಷ್ಮಿಬಾಯಿಗೆ ಎಲ್ಲ ತಿಳಿಯಿತು. ಮುಂದೆ ಅವನು ಹೇಳಿದ್ದನ್ನೆಲ್ಲ ಆಕೆ ಕೇಳಿಸಿಕೊಂಡಳು, ಆದರೆ ತಿಳಿಯುವ ಕೆಲಸ ಆ ಒಂದು ಮಾತಿನಲ್ಲಿಯೇ ಮುಗಿದಿತ್ತು.

ಮಲಕಾರಿ ಚಿಂಚಲಿಯವನು. ಮೊದಲು ಹೊಳೆಯ ಕಡೆಯ ಊರೊಂದರಲ್ಲಿ ಸಣ್ಣ ಫೋಟೋ ಸ್ಟುಡಿಯೋ ಇಟ್ಟಿದ್ದ. ಗುರುತು ಹತ್ತದ ಹೆಣ ಸಿಕ್ಕರೆ ಪಂಚನಾಮೆಗೆ ಫೋಟೋ ತೆಗೆಯಲು ಪೊಲೀಸರು ಊರಿನ ಸ್ಟುಡಿಯೋದವನನ್ನೇ ಕರೆಯುವುದು ರೂಢಿ. ಇವನು ಅಂಥ ಹತ್ತಾರು ಫೋಟೋ ತೆಗೆದಿದ್ದ. ಮೂರು ವರ್ಷದ ಹಿಂದೆ ಶ್ರಾವಣದ ಒಂದು ಸೋಮವಾರ, ಕೃಷ್ಣೆ ತುಂಬಿ ಹರಿಯುವಾಗ, ದಂಡೆಯ ಆಪು ಹುಲ್ಲಿನಲ್ಲಿ ಒಬ್ಬ ಹುಡುಗಿ ಸಿಕ್ಕಳು. ಎದುರಿನಿಂದ ಒಂದು, ಎಡ ಬಲದಿಂದ ಒಂದೊಂದು, ಪೂರ್ತಿ ನಿಲುವಿನದು ಒಂದು, ಹೀಗೆ ನಾಲ್ಕು ಫೋಟೋ ತೆಗೆದ. ಹುಬ್ಬಿನ ಮೇಲಿನ ಗುರುತು ಸ್ಪಷ್ಟ ಬರಬೇಕು, ಅದರಿಂದಲೇ ಮನೆಯವರಿಗೆ ಪತ್ತೆ ಹತ್ತುತ್ತದೆ ಎಂದು ಹತ್ತಿರದಿಂದ ಐದನೆಯದನ್ನೂ ತೆಗೆದ. ಹೊಲಿಗೆಯ ಗುರುತು ಎಣಿಸಿದ್ದ, ಐದು ಇದ್ದವು. ಫೋಟೋ ಎಲ್ಲ ಠಾಣೆಗಳಿಗೂ ಹೋಯಿತು. ಹುಬ್ಬಿನ ಮೇಲೆ ಗಾಯ ಇದ್ದ ಹುಡುಗಿ ಕಾಣೆಯಾದ ದೂರು ಎಲ್ಲಿಯೂ ಇಲ್ಲವೆಂದು ತಿರುಗಿ ಬಂತು. ಮೂರು ದಿನ ಕಾದು, ಗುರುವಾರ ಮಣ್ಣು ಮಾಡಿದರು. ಮಣ್ಣು ಹಾಕಲು ಕೈ ಕಡಿಮೆ ಇದ್ದವೆಂದು ಇವನೂ ಹಾಕಿದ್ದ.

ಆಮೇಲೆ ಅವನಿಂದ ಸ್ಟುಡಿಯೋ ನಡೆಸುವುದು ಆಗಲಿಲ್ಲ. ಮದುವೆ ಹುಡುಗಿಯರು ಬಂದು ಕ್ಯಾಮೆರಾ ಮುಂದೆ ಕೂತು ಕಣ್ಣು ಪಿಳುಕಿಸಿದರೂ ಇವನು ಬಟನ್ ಒತ್ತದೆ ಹೊರಗೆ ಎದ್ದು ಹೋಗುತ್ತಿದ್ದ. ಬಾಗಿಲು ಮುಚ್ಚಿ, ಬೋರ್ಡು ಬರೆಯುವ ಸೋದರಮಾವನ ಕೈಕೆಳಗೆ ಸೇರಿದ. ಗೋಡೆಯ ಕೆಲಸ ಬಂದಾಗ, ಒಂದು ಚಿತ್ರದಲ್ಲಿ ಆ ಮುಖ ತಾನೇ ಬಂತು. ಬಂದದ್ದನ್ನು ಅಳಿಸಲು ಮನಸ್ಸಾಗಲಿಲ್ಲ. ಮುಂದಿನ ಊರಿನಲ್ಲಿ ಅವಳಿಗೆ ಮದುವೆ ಮಾಡಿದ, ಅದರ ಮುಂದಿನ ಊರಿನಲ್ಲಿ ಕೂಸು ಕೊಟ್ಟ.

"ಯಾರೂ ಕೇಳಿ ಬರಲಿಲ್ಲರಿ. ಹಿಂಗರ ಬೆಳೀಲಿ ಅಂತ ಬರದೆ," ಎಂದ.

ಲಕ್ಷ್ಮಿಬಾಯಿ ಅಳಲಿಲ್ಲ. ಆಕೆಯ ತಲೆಯಲ್ಲಿ ವಾರಗಳು ಓಡುತ್ತಿದ್ದವು. ಶನಿವಾರ ಹೋದಳು, ಸೋಮವಾರ ಸಿಕ್ಕಳು, ಗುರುವಾರ ಮಣ್ಣಾದಳು. ಆ ಗುರುವಾರ ತಾನೇನು ಮಾಡುತ್ತಿದ್ದೆ? ನೆನಪಾಯಿತು. ಹಿತ್ತಲಲ್ಲಿ ನಿಂತು ಮಗ್ಗುಲ ಮನೆಯವಳಿಗೆ, ಬ್ರಾಹ್ಮಿಗೆ ಕಾಮಾಲೆ, ಐನಾಪುರದ ಚಿಕ್ಕವ್ವನ ಮನೆಗೆ ಕಳಿಸಿದ್ದೇವೆ ಎಂದು ಹೇಳುತ್ತಿದ್ದೆ. ಬೀಗರ ಕಡೆಗೆ ಸುದ್ದಿ ಹೋಗಬಾರದು, ಹುಡುಗಿ ಒಂದೆರಡು ದಿನದಲ್ಲಿ ಬಂದೇ ಬರುತ್ತಾಳೆ, ಸಾಕರಪುಡಾ ಸ್ವಲ್ಪ ಮುಂದಕ್ಕೆ ಹಾಕಿದರಾಯಿತು ಎಂದು ಗಂಡ ಹೆಂಡತಿ ಸೇರಿ ಮಾಡಿದ ಯೋಜನೆ ಅದು. ಹನ್ನೆರಡನೆಯ ದಿನ ಬೀಗರಿಗೆ ಹೇಗೋ ತಿಳಿದು ಸಂಬಂಧ ಮುರಿದರು. ಮುಚ್ಚಿಡಲು ಇನ್ನೇನೂ ಉಳಿಯದಾಗ, ಅದೇ ಮಧ್ಯಾಹ್ನ ಜಯಪಾಲ ಠಾಣೆಗೆ ಹೋದ. ಆ ಹೊತ್ತಿಗೆ ಮಗಳು ಮಣ್ಣಾಗಿ ಸರಿಯಾಗಿ ಒಂದು ವಾರ ಆಗಿತ್ತು.

ಅಷ್ಟಾದರೂ ಪತ್ತೆ ಹತ್ತಬಹುದಿತ್ತು. ಫೋಟೋ ಕೊಡಿ ಎಂದಾಗ ಜಯಪಾಲ ಕೊಟ್ಟದ್ದು ಆ ಚಂದದ ಫೋಟೋವನ್ನೇ, ಲಕ್ಷ್ಮಿಬಾಯಿಯೇ ಕಪಾಟಿನಿಂದ ತೆಗೆದುಕೊಟ್ಟಿದ್ದಳು. ಗುರುತು ಏನಾದರೂ ಇದೆಯೇ ಎಂದು ಕೇಳಿದರೆ, ಏನೂ ಇಲ್ಲ ಎಂದು ಬರೆಸಿ ಬಂದಿದ್ದ. ನಾಳೆ ಹುಡುಗಿ ಸಿಕ್ಕ ಮೇಲೆ ಇನ್ನೊಂದು ಕಡೆ ಕೊಡಬೇಕಲ್ಲ, ಗಾಯ, ಬೆಕ್ಕಿನ ಕಣ್ಣು ಎಂದೆಲ್ಲ ಸರಕಾರಿ ಕಾಗದದ ಮೇಲೆ ಏಕೆ ಎಂಬ ವಿಚಾರ. ಆ ವಿಚಾರ ಅವನದೊಂದೇ ಆಗಿರಲಿಲ್ಲ. ಠಾಣೆಗೆ ಹೊರಡುವ ಮೊದಲು ಹೇಳಿಕೊಟ್ಟವಳು ಲಕ್ಷ್ಮಿಬಾಯಿ. ಹುಬ್ಬಿನ ಮೇಲೆ ಗಾಯವಿದ್ದ ಹುಡುಗಿ ಒಂದು ಕಾಗದದಲ್ಲಿ, ಗಾಯವಿಲ್ಲದ ಹುಡುಗಿ ಇನ್ನೊಂದು ಕಾಗದದಲ್ಲಿ. ಇಬ್ಬರೂ ಒಬ್ಬಳೇ ಎಂದು ಪೊಲೀಸರಿಗೆ ತಿಳಿಯುವುದಾದರೂ ಹೇಗೆ?

"ನಮ್ಮಾಗ ಸುಡತಾರ, ತಮ್ಮಾ," ಎಂದಳು. "ಮಣ್ಣಾಗ ಇಡೂದಿಲ್ಲ."

ಮಲಕಾರಿ ತಲೆ ತಗ್ಗಿಸಿದ. ಜಾಗ ತನಗೆ ಗೊತ್ತಿದೆ, ಒಂದು ಕಲ್ಲು ನೆಟ್ಟು ಬಂದಿದ್ದೇನೆ, ವರ್ಷಕ್ಕೊಮ್ಮೆ ಹೋಗಿ ಮುಳ್ಳುಕಂಟಿ ತೆಗೆದು ಬರುತ್ತೇನೆ ಎಂದ. ಎಲ್ಲ ಬಿಟ್ಟು ಒಬ್ಬ ಅಪರಿಚಿತ ಮೂರು ವರ್ಷ ತನ್ನ ಮಗಳ ಗೋರಿಯ ಕಸ ತೆಗೆದಿದ್ದಾನೆ ಎಂಬ ಮಾತಿಗೆ ಆಕೆಯ ಎದೆ ಒಡೆಯಿತು. ಆಗ ಅತ್ತಳು. ಶಾಲೆಯ ಗಂಟೆ ಹೊಡೆದು, ಮಕ್ಕಳು ಹೊರಗೆ ಬಂದು, ಮತ್ತೆ ಒಳಗೆ ಹೋಗುವವರೆಗೂ ಅತ್ತಳು. ಮಲಕಾರಿ ಎದ್ದು ಹೋಗಲಿಲ್ಲ.

ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅವನ ಪ್ರಶ್ನೆಗೆ ಉತ್ತರ ಹೇಳಿದಳು.

"ಗಾಣದ ಮನ್ಯಾಗ ಬೆಲ್ಲ ಕಾಸೂ ಮುಂದ ಪಾಕ ಎಳಿ ಬರತೈತಲ್ಲ, ಆ ಬಣ್ಣ. ಬಿಸಲಾಗ ನಿಂತರ ಸ್ವಲ್ಪ ಹಸರು ಕಾಣತಿತ್ತು."

ಮಲಕಾರಿ ಹಳದಿ ತೆಗೆದುಕೊಂಡ, ಕಾವಿ ಬೆರೆಸಿದ, ಚೂರು ಹಸಿರು ಹಾಕಿ ಅಂಗೈ ಮೇಲೆ ತೋರಿಸಿದ. ಇನ್ನೂ ತಿಳಿ ಬೇಕು ಎಂದಳು. ಮತ್ತೆ ತೋರಿಸಿದ. ಮೂರನೆಯ ಸಲ ಆಕೆ ಹೌದೆಂದು ತಲೆ ಅಲ್ಲಾಡಿಸಿದಳು. ಅವನು ಅಟ್ಟ ಹತ್ತಿ, ಕಪ್ಪಿನ ಮೇಲೆ ಮೊದಲು ಬಿಳಿ ಹಚ್ಚಿ ಒಣಗಲು ಬಿಟ್ಟ. ಆ ಹೊತ್ತಿನಲ್ಲಿ ಬ್ರಾಹ್ಮಿಗೆ ಕಣ್ಣೇ ಇರಲಿಲ್ಲ. ಲಕ್ಷ್ಮಿಬಾಯಿ ಅದನ್ನೂ ನೋಡುತ್ತ ಕೂತಳು, ಮುಖ ತಿರುಗಿಸಲಿಲ್ಲ.

ಬಿಸಿಲು ಗೋಡೆಗೆ ಬರುವ ಹೊತ್ತಿಗೆ ಎರಡೂ ಕಣ್ಣು ಮುಗಿದಿದ್ದವು. ಮಲಕಾರಿ ಅಟ್ಟ ಸರಿಸಿದ. ಗೋಡೆಯ ಮೇಲಿಂದ ಬ್ರಾಹ್ಮಿ ನೋಡಿದಳು. ಲೆನ್ಸಿನ ಡಬ್ಬಿ ಮುಂದಿಟ್ಟ ಸಂಜೆ ಹೇಗೆ ನೋಡಿದ್ದಳೋ ಹಾಗೆಯೇ ನೋಡಿದಳು. ಉಳಿದ ಮೂರು ಊರುಗಳಿಗೂ ಹೋಗಿ ಕಣ್ಣು ತಿದ್ದಿ ಬರುತ್ತೇನೆ ಎಂದು ಮಲಕಾರಿ ಹೇಳಿದ. ಆಕೆ, ಮೊದಲು ಠಾಣೆಗೆ ಹೋಗಬೇಕು, ಜಾಗ ತೋರಿಸಲು ನೀನೂ ಬಾ ಎಂದಳು. ಬರುತ್ತೇನೆ ಎಂದ.

ಆಕೆ ಫೋನು ತೆಗೆಯಲು ಚೀಲದಲ್ಲಿ ಕೈ ಹಾಕಿದಾಗ ಮೊದಲು ಕೈಗೆ ಸಿಕ್ಕದ್ದು ಕುಂಚಿಗೆ. ಅದನ್ನು ಪಕ್ಕಕ್ಕೆ ಸರಿಸಿ, ಫೋನು ತೆಗೆದು, ಗಂಡನಿಗೆ ಹಚ್ಚಿದಳು. ಜಯಪಾಲ ಅಂಗಡಿಯಲ್ಲಿದ್ದ, ಹಿಂದೆ ಗಿರಾಕಿಗಳ ಗದ್ದಲ ಕೇಳುತ್ತಿತ್ತು.

"ಬ್ರಾಹ್ಮಿ ಸಿಕ್ಕಳ್ರಿ," ಎಂದಳು.

ಮೂರು ವರ್ಷದಿಂದ ಆ ಹೆಸರು ಆ ಮನೆಯವರ ಬಾಯಲ್ಲಿ ಬಂದಿರಲಿಲ್ಲ. ಈಗ ಸಿಡಿಯುತ್ತಾನೆ, ಫೋನು ಇಡುತ್ತಾನೆ ಎಂದು ಆಕೆ ಕಾದಳು. ಗದ್ದಲ ಕಡಿಮೆಯಾಯಿತು. ಅವನು ಅಂಗಡಿಯಿಂದ ಹೊರಗೆ ಬಂದಿರಬೇಕು. ಕಡೆಗೆ ಕೇಳಿದ, ಆ ದನಿಯನ್ನು ಆಕೆ ಅವನಲ್ಲಿ ಎಂದೂ ಕೇಳಿರಲಿಲ್ಲ.

"ಅರಾಮ ಅದಾಳ?"

ಅಂದರೆ ಇವನೂ ಕಾದಿದ್ದ. ಬೈಯುತ್ತ ಬೈಯುತ್ತಲೇ ಅವಳನ್ನು ಪುಣೆಯಲ್ಲಿ ಬದುಕಿಸಿಟ್ಟುಕೊಂಡಿದ್ದ. ಲಕ್ಷ್ಮಿಬಾಯಿ ಗೋಡೆಯ ಮೇಲಿನ ಬೆಲ್ಲದ ಬಣ್ಣದ ಕಣ್ಣನ್ನು ನೋಡುತ್ತಲೇ ಮಾತಾಡಿದಳು.

"ರಾಯಬಾಗಕ್ಕ ಬರ್ರಿ. ಆ ಫೋಟೋ ತರಬ್ಯಾಡ್ರಿ. ಕಾಲೇಜಿನ ಕಾರ್ಡ್ ಐತಿ ನೋಡ್ರಿ, ನನ್ನ ಟ್ರಂಕಿನ್ಯಾಗ, ಸೀರಿ ಕೆಳಗ. ಆಕಿ ಖರೇ ಕಣ್ಣು ಇದ್ದದ್ದು. ಅದನ್ನ ತರ್ರಿ."